ಅಂತೆ

ಕನ್ನಡದಲ್ಲಿ ನಮಗೊಂದು ಪುಟ್ಟ ಸವಲತ್ತಿದೆ:
ಕಾಣದ್ದನ್ನು ಹೇಳುವಾಗ
ಮಾತಿನ ಕಾಲಿಗೊಂದು ಗೆಜ್ಜೆ ಕಟ್ಟುತ್ತೇವೆ.
ಬಂದನಂತೆ. ಸುಟ್ಟನಂತೆ. ಓಡಿದನಂತೆ.
ಸದ್ದಿನಲ್ಲೇ ಗೊತ್ತಾಗುತ್ತದೆ,
ಇದು ಕಣ್ಣಿನ ಸರಕಲ್ಲ, ಕಿವಿಯದ್ದು.

ಕೆಂಟಕಿಯ ಆ ಊರಿನ ಮಾತಿಗೆ ಗೆಜ್ಜೆಯಿಲ್ಲ.

ಕೋರ್ಟಿನ ಮೂರನೇ ಮಹಡಿ. ಕಿಟಕಿಯಾಚೆ
ಕಲ್ಲಿದ್ದಲು ಬಗೆದು ಬಿಟ್ಟ ಗುಡ್ಡದ ಬೋಳು ನೆತ್ತಿ.
ಹನ್ನೆರಡು ಮಂದಿ, ಹನ್ನೆರಡು ಕುರ್ಚಿ,
ಡಬ್ಬಿಯಲ್ಲಿ ಎರಡೇ ಡೋನಟ್ ಉಳಿದಿವೆ.
ಜಡ್ಜ್ ಇಲ್ಲ. ಆಪಾದಿತನಿಲ್ಲ. ಅವನ ವಕೀಲನಿಗೆ
ಬಾಗಿಲಾಚೆಯ ಬೆಂಚೂ ಇಲ್ಲ.
ಗ್ರ್ಯಾಂಡ್ ಜ್ಯೂರಿ, ಹೆಸರೇನೋ ದೊಡ್ಡದು;
ಕೋಣೆ ನಮ್ಮ ಶಾಲೆಯ ಉಗ್ರಾಣದಷ್ಟಿದೆ
ಎಂದುಕೊಂಡಳು ಐದನೇ ಕುರ್ಚಿಯ ವರ್ಲೀನ್ ಸ್ಟಿಡಮ್,
ಇಪ್ಪತ್ತೆರಡು ವರ್ಷ ಶಾಲೆಮಕ್ಕಳಿಗೆ ಬೀನ್ಸ್ ಬೇಯಿಸಿದವಳು.

ಹದಿನೇಳನೇ ಕೇಸು. ಡಿಟೆಕ್ಟಿವ್ ಟ್ಯಾಕೆಟ್
ಬಲಗೈ ಎತ್ತಿ, ಇಳಿಸಿ, ಫೈಲು ಬಿಚ್ಚಿದ.
"ಮಾರ್ಚ್ ಒಂಬತ್ತರ ರಾತ್ರಿ ಕೋಯ್ ಫ್ಯೂಗೇಟ್
ಮೇವಿನಂಗಡಿಗೆ ಬೆಂಕಿ ಇಟ್ಟ.
ಕೆಂಪು ಟ್ರಕ್ಕಿನಲ್ಲಿ ಓಡಿದ."

ಇಟ್ಟ. ಓಡಿದ.
ತಾನೇ ಪೊದೆಯ ಮರೆಯಲ್ಲಿ ಕೂತು ಕಂಡವನ ಹಾಗೆ.

"ನೋಡಿದ್ದು ಯಾರು?" ವರ್ಲೀನ್ ಕೇಳಿದಳು.
"ಡೆಪ್ಯುಟಿಯ ವರದಿ, ಮೇಡಂ."
"ಡೆಪ್ಯುಟಿ ನೋಡಿದನೆ?"
"ಇಲ್ಲ. ಪೆಟ್ರೋಲ್ ಬಂಕಿನ ಹುಡುಗಿ ಅವನಿಗೆ ಹೇಳಿದ್ದು."
"ಅವಳು ನೋಡಿದಳೆ?"
"ಅವಳ ಭಾವ." ಹಾಳೆ ಮಗುಚಿದ.
"ಭಾವ ಎಲ್ಲಿ?"
"ಟೆನೆಸಿಗೆ ಹೋದ, ಅಂತ ಕೇಳಿದ್ದೇನೆ."
ಆ ಕೋಣೆಯಲ್ಲಿ ಆಗ, ಮೊದಲ ಸಲ,
ಗೆಜ್ಜೆ ಕದಲಿದ ಸದ್ದು.

ಪ್ರಾಸಿಕ್ಯೂಟರ್ ಎದ್ದಳು. ಕೆಟ್ಟವಳಲ್ಲ,
ಹೊಸ ಚಪ್ಪಲಿ ಕಚ್ಚುತ್ತಿತ್ತು, ಪಾಪ.
"ಇದು ವಿಚಾರಣೆಯಲ್ಲ, ಬರೀ ಹೊಸ್ತಿಲು.
ಇಲ್ಲಿ ಕೇಳಿದ ಮಾತೂ ನಡೆಯುತ್ತದೆ.
ಸಾಕ್ಷಿಯನ್ನು ಎದುರು ನಿಲ್ಲಿಸಿ ಪ್ರಶ್ನಿಸುವ ಹಕ್ಕು
ಸಂವಿಧಾನವೇ ಅವನಿಗೆ ಕೊಟ್ಟಿದೆ. ಅದೆಲ್ಲ ಒಳಮನೆಯಲ್ಲಿ.
ಆಮೇಲೆ."

ಆಮೇಲೆ.
ಆ ಹಕ್ಕಿಗೆ ಗಾಜು ಹಾಕಿಸಿ ಕೆಳಗೆ ತೂಗುಹಾಕಿದ್ದಾರೆ,
ಆರನೇ ತಿದ್ದುಪಡಿ, ಕುಡಿಯುವ ನೀರಿನ ನಲ್ಲಿಯ ಪಕ್ಕ.
ಬೆಳಗ್ಗೆ ಬಗ್ಗಿ ನೀರು ಕುಡಿಯುವಾಗ
ಅರ್ಧ ಓದಿದ್ದಳು.

ಒಂದು ಚಳಿಗಾಲ ಊರು ಅವಳ ಮೇಲೂ ಆಡಿಕೊಂಡಿತ್ತು.
ಶಾಲೆಯ ಸಕ್ಕರೆ ವರ್ಲೀನಳ ಚೀಲ ಸೇರುತ್ತದೆ ಎಂದು.
ಬಟ್ಟಲಲ್ಲಿ ಹೊರಟ ಸಕ್ಕರೆ
ಚರ್ಚಿನ ಮೆಟ್ಟಿಲು ಹತ್ತುವಾಗ ಮೂಟೆಯಾಗಿತ್ತು.
ಯಾರು ಅಂದದ್ದು? ಮನೆಮನೆಯ ಬಾಗಿಲು ಬಡಿದಳು.
ಪ್ರತಿ ಮನೆಯೂ ಪಕ್ಕದ ಮನೆ ತೋರಿಸಿತು.
ಕೊನೆಯ ಮನೆಯಲ್ಲಿ ಒಂದು ನಾಯಿಯಿತ್ತು, ಅಷ್ಟೆ.

ಒಂಬತ್ತು ಕೈ ಬೇಕು. ಎಂಟು ಎದ್ದವು.
ಫೋರ್‌ಮನ್ ಗಡಿಯಾರ ನೋಡಿದ; ಊಟದ ಹೊತ್ತು.
ಒಂಬತ್ತನೆಯದು ಎದ್ದಿತು.
ಯಾರದ್ದೆಂದು ತಿರುಗಿದಳು ವರ್ಲೀನ್:
ಗುಂಡಿ ಸಡಿಲಿದ ತನ್ನದೇ ಸ್ವೆಟರಿನ ತೋಳು.
ಹೊಸ್ತಿಲು ತಾನೆ, ಎಂದಿತು ಕೈ.

ಒಳಮನೆಗೆ ಕೋಯ್ ಹೋಗಲೇ ಇಲ್ಲ.
ಜಾಮೀನಿನ ಹಣವಿಲ್ಲದೆ ಐದು ತಿಂಗಳು ಜೈಲು,
ಟೈರಂಗಡಿಯ ಕೆಲಸ ಹೋಯಿತು, ಟ್ರಕ್ಕು ಮಾರಿದರು
(ಕೆಂಪಲ್ಲ ಅದು, ತುಕ್ಕು).
ವಕೀಲ ಎರಡು ಅಂಕಿ ಮುಂದಿಟ್ಟ:
ತಪ್ಪೊಪ್ಪಿದರೆ ಮೂರು ವರ್ಷ, ಹೋರಾಡಿ ಸೋತರೆ ಇಪ್ಪತ್ತು.
ಸಹಿ ಹಾಕಿದ.
ಬೆಂಕಿ ಇಟ್ಟನೋ, ಇಲ್ಲವೋ,
ಅದನ್ನು ಕೇಳಬೇಕಾದ ಕೋಣೆಯ ಬೀಗ
ಯಾರೂ ತೆಗೆಯಬೇಕಾಗಿ ಬರಲಿಲ್ಲ.
ಟೆನೆಸಿಯ ಭಾವನಿಗೆ ಒಂದು ಕಾಗದವೂ ಹೋಗಲಿಲ್ಲ.

ಆ ಮೂರನೇ ಮಹಡಿಗೆ ಯಾರ ಬಾಯ ಮಾತೂ ಬರಬಹುದು,
ಅಲ್ಲಿಂದ ಒಂದು ಮಾತೂ ಇಳಿಯಕೂಡದು.
ವರ್ಲೀನ್ ಪ್ರಮಾಣ ಮಾಡಿದ್ದಾಳೆ.
ರಾತ್ರಿ ಗಂಡ, ಏನಾಯಿತೇ ಇವತ್ತು, ಎಂದಾಗ
ಬೀನ್ಸಿನ ನಾರು ಬಿಡಿಸುತ್ತ
"ಡೋನಟ್ ಕೊಟ್ಟರು" ಎಂದಳು.

ಮತ್ತೆ ನಿನಗೆ ಹೇಗೆ ಗೊತ್ತು, ಎನ್ನುತ್ತೀರಿ.
ಅವಳು ಕೇಳಿದಂಥದೇ ಪ್ರಶ್ನೆ.
ನಾನು ಆ ಗುಡ್ಡ ಕಂಡವನಲ್ಲ, ಆ ನಲ್ಲಿಯ ನೀರು ಕುಡಿದವನಲ್ಲ.
ದಯವಿಟ್ಟು ಮೇಲಿನಿಂದ ಇನ್ನೊಮ್ಮೆ ಓದಿ;
ನಾನು ಬಿಚ್ಚಿಟ್ಟ ಗೆಜ್ಜೆಗಳನ್ನು
ಒಂದೊಂದಾಗಿ ನೀವೇ ಕಟ್ಟಿ:
ಕೇಳಿದಳಂತೆ. ತಿರುಗಿದಳಂತೆ.
ಕೈ ಎದ್ದಿತಂತೆ.